ಎಮ್ಮೆಗೊಂದು ಅಲಾರಂ

ಗಂಟೆಗೂ ನನಗೂ ಮೊದಲಿನಿಂದಲೂ ಆಗಿಬರುವುದಿಲ್ಲ. ಗಂಟೆ ಹೊಡೆದ ಮೇಲೆ ಕುಂಟುತ್ತಾ ಹೋಗಿ ಮೇಷ್ಟರ ಕೈಲಿ ಏಟು ತಿಂದು ತಿಂದು, ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅಂಥವನಿಗೆ ಸಿಕ್ಕಿದ ಕೆಲಸ ನೋಡಿ: ರಾವಂದೂರಿನ ಪಕ್ಕದ ನಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಗಂಟೆ ಬಡಿದಾಗ ಗುಂಡಿ ಒತ್ತಿ ನಿಲ್ಲಿಸುವುದು. ಎಕ್ಸ್‌ಚೇಂಜು ಅಂದರೆ ಭಾರಿ ಏನಲ್ಲ. ಒಂದು ಕೋಣೆ, ಬೀರುವಿನಷ್ಟು ಎತ್ತರದ ಡಿಜಿಟಲ್ ಪೆಟ್ಟಿಗೆ, ಒಂದು ಸ್ಟೂಲು, ಮತ್ತೆ ನಾನು. ಊರಿನ ಫೋನುಗಳೆಲ್ಲ ಆ ಪೆಟ್ಟಿಗೆಯೊಳಗೆ ಹೊಕ್ಕು ಪಿರಿಯಾಪಟ್ಟಣದ ದೊಡ್ಡ ಎಕ್ಸ್‌ಚೇಂಜಿಗೆ ಹೋಗುತ್ತವೆ.

ಪೆಟ್ಟಿಗೆಗೆ ಏನೇ ಆದರೂ ಗಂಟೆ ಬಡಿಯುತ್ತಿತ್ತು. ಲೈನು ಸತ್ತರೂ ಗಂಟೆ, ಅದರ ಬಾಗಿಲು ತೆಗೆದರೂ ಗಂಟೆ, ಕರೆಂಟು ಹೋದರೂ ಅದೇ ಗಂಟೆ. ನಮ್ಮೂರಲ್ಲಿ ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ಕರೆಂಟು ತಪ್ಪದೆ ಹೋಗುತ್ತದೆ. ಅದೊಂದರಲ್ಲಿ ನಮಗೆ ಬಹಳ ಶಿಸ್ತು. ಆ ಹೊತ್ತಿಗೆ ನಾನು ಟೀ ಅಂಗಡಿಯಲ್ಲಿರುತ್ತಿದ್ದೆ. ಗಂಟೆ ಅದರ ಪಾಡಿಗೆ ಹೊಡೆದುಕೊಳ್ಳುತ್ತಿತ್ತು. ಎಕ್ಸ್‌ಚೇಂಜಿನ ಹಿಂದಿನ ಗೋಡೆಗೆ ಅಂಟಿಕೊಂಡೇ ಕೆಂಚಮ್ಮಜ್ಜಿಯ ಕೊಟ್ಟಿಗೆ. ಬಯ್ಯೋಕೆ ಇವತ್ತು ಬಂದಾಳು, ನಾಳೆ ಬಂದಾಳು ಅಂತ ಕಾದೆ. ಬರಲೇ ಇಲ್ಲ. ಪಾಪ, ಕಿವಿ ಮಂದ ಅಂದುಕೊಂಡೆ.

ಒಂದು ದಿನ ಮೈಸೂರಿನಿಂದ ಸಾಹೇಬರು ಬಂದರು.

"ಏನಯ್ಯಾ, ಎಲ್ಲಕ್ಕೂ ಗಂಟೆ ಹೊಡೆದ್ರೆ ನೀನು ಯಾವುದಕ್ಕೆ ಅಂತ ಓಡ್ತೀಯ?"

"ನಾನು ಯಾವ್ದುಕ್ಕೂ ಓಡಲ್ಲ ಸಾ."

ನಿಜ ಹೇಳಿದ್ದಕ್ಕೆ ಗುರಾಯಿಸಿದರು. ಪೆಟ್ಟಿಗೆಯ ಕೀಬೋರ್ಡು ಟಕಟಕ ಕುಟ್ಟಿ, ಲೈನು ಸತ್ತರೆ ಮಾತ್ರ ಗಂಟೆ, ಕರೆಂಟಿಗೂ ಬಾಗಿಲಿಗೂ ಬರೀ ದೀಪ ಅಂತ ಮಾಡಿದರು. ಆಮೇಲೆ ಕ್ಲಾಕು. ಪೆಟ್ಟಿಗೆ ತನ್ನ ಸ್ವಂತ ಗಡಿಯಾರ ನಂಬಬಾರದಂತೆ, ಪಿರಿಯಾಪಟ್ಟಣದ ಗಡಿಯಾರಕ್ಕೇ ಹೆಜ್ಜೆ ಹಾಕಬೇಕಂತೆ. ಅವರು ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದ್ದು ನನಗೆ ತಿಳಿದದ್ದು ಇಷ್ಟು: ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಾಗ ಒಬ್ಬರ ಲಯಕ್ಕೆ ಇನ್ನೊಬ್ಬರು ಬರಬೇಕು. ಇಲ್ಲದಿದ್ದರೆ ಒನಕೆಗೆ ಒನಕೆ ಬಡಿಯುತ್ತದೆ.

ಎರಡು ಮೂರು ದಿನ ಸುಖವಾಗಿದ್ದೆ. ಆಮೇಲೆ ಅಜ್ಜಿ ಖಾಲಿ ಚೊಂಬು ಹಿಡಿದು ಬಂದು ಬಾಗಿಲಲ್ಲಿ ನಿಂತಳು.

"ಲೋ ಮಗಾ, ನಿನ್ ಗಂಟೆ ಯಾಕ್ಲಾ ಸತ್ತೋಯ್ತು?"

"ಸಾಹೇಬ್ರು ನಿಲ್ಸವ್ರೆ ಕಣಜ್ಜಿ. ಇನ್ಮ್ಯಾಲೆ ನೆಮ್ದಿಯಾಗಿರು."

"ನಿನ್ ನೆಮ್ದಿಗ್ ಬೆಂಕಿ ಬೀಳ! ಚೆಲುವಿ ಹಾಲೇ ಇಳಿಸ್ತಾ ಇಲ್ಲ ಕಣ್ಲಾ."

ಚೆಲುವಿ ಅಂದರೆ ಅವಳ ಎಮ್ಮೆ. ಈದ ವಾರಕ್ಕೇ ಕರು ಸತ್ತಿತ್ತು. ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಿತ್ತಂತೆ. ಒಂದು ಸಾಯಂಕಾಲ ಕರೆಂಟು ಹೋಗಿ ಗೋಡೆಯಾಚೆ ಗಂಟೆ ಬಡಿಯಿತು. ಎಮ್ಮೆ ಕಿವಿ ನಿಮಿರಿಸಿ ನಿಂತು ಹಾಲು ಬಿಟ್ಟಿತು. ಆವತ್ತಿನಿಂದ ಗಂಟೆ ಬಡಿದರೇ ಹಾಲು.

"ಅದ್ಕೆ ಈಗ ನಿನ್ ಗಂಟೇನೇ ಕರ ಕಣಪ್ಪಾ. ನನ್ ಮಗ ಈ ಶನಿವಾರ ಬಾವಲಿ ಕಡೆ ಲಾರಿಗೆ ಆಕ್ಬುಡ್ತೀನಿ ಅಂತವ್ನೆ."

ಬಾವಲಿ ದಾಟಿದರೆ ಕೇರಳ. ಆ ಲಾರಿ ಹತ್ತಿದ ಎಮ್ಮೆ ತಿರುಗಿ ಬರುವುದಿಲ್ಲ. ಅಜ್ಜಿ ಅಳಲಿಲ್ಲ. ಒಣಗಿದ ಚೊಂಬನ್ನೇ ಸೆರಗಿನಲ್ಲಿ ಒರೆಸುತ್ತಾ ನಿಂತಿದ್ದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಾಹೇಬರ ಬೆರಳು ಎಲ್ಲೆಲ್ಲಿ ಓಡಿತ್ತು ಅಂತ ನೆನಪು ಮಾಡಿಕೊಂಡು ನಾನೂ ಕುಟ್ಟಿದೆ. ಕರೆಂಟಿನದು ಸಿಗಲಿಲ್ಲ, ಬಾಗಿಲಿನದು ಸಿಕ್ಕಿತು. ಪೆಟ್ಟಿಗೆಯ ಬಾಗಿಲು ತೆಗೆದೆ. ಗಂಟೆ ಬಡಿಯಿತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಕೂಗು:

"ಬುಟ್ಲು ಕಣ್ಲಾ! ಬುಟ್ಲು!"

ಮಾರನೆಯ ದಿನ ಎಸ್‌ಟಿಡಿ ಬೂತಿನ ಮಾದೇವ ಬಂದ. "ಲೇ, ಏನ್ಲಾ ಮಾಡಿದ್ದೀಯ? ಮಾತಿನ್ ಮಧ್ಯ ಟಕ್ ಟಕ್ ಅಂತದೆ. ಹೊಗೆಸೊಪ್ಪಿನ ರೇಟ್ ಯೋಳೋ ಹೊತ್ಗೇ ಸರ್ಯಾಗ್ ಟಕ್ ಅಂದ್ರೆ ಜನ ನಂಗ್ ಉಗೀತಾರೆ!"

ಒನಕೆಗೆ ಒನಕೆ ಬಡಿಯುತ್ತಿತ್ತು. ಬಾಗಿಲಿನ ಗಂಟೆ ಹುಡುಕುವಾಗ ಕ್ಲಾಕಿಗೂ ಕೈ ಹಾಕಿ ಪೆಟ್ಟಿಗೆಯನ್ನು ಸ್ವತಂತ್ರ ಮಾಡಿಬಿಟ್ಟಿದ್ದೆ. ಸಾಹೇಬರಿಗೆ ಹೇಳದೆ ವಿಧಿಯಿಲ್ಲ. ಹೇಳಿದರೆ ಬಾಗಿಲಿನ ಗಂಟೆಯೂ ಹೋಗುತ್ತದೆ, ಚೆಲುವಿಯೂ ಹೋಗುತ್ತಾಳೆ. ಆದರೂ ಫೋನು ಮಾಡಿದೆ.

ಸಾಹೇಬರು ಸಾಯಂಕಾಲ ಬಂದು ಕ್ಲಾಕನ್ನು ಮತ್ತೆ ಪಿರಿಯಾಪಟ್ಟಣಕ್ಕೆ ಕಟ್ಟಿದರು. ಆಮೇಲೆ ಬಾಗಿಲಿನ ಗಂಟೆ ಕಣ್ಣಿಗೆ ಬಿತ್ತು.

"ಇದ್ಯಾಕಯ್ಯಾ?"

"ಎಮ್ಮೆಗೆ ಸಾ."

ಪೂರ್ತಿ ಹೇಳಿದೆ. ಸಾಹೇಬರು ತಾವೇ ಪೆಟ್ಟಿಗೆಯ ಬಾಗಿಲು ತೆಗೆದು, ಗಂಟೆ ಬಡಿಯಲು ಬಿಟ್ಟು, ಗೋಡೆಗೆ ಕಿವಿ ಕೊಟ್ಟು ನಿಂತರು. ಚೊಂಬಿಗೆ ಹಾಲು ಸೊರ್ ಸೊರ್ ಬೀಳುವುದು ಕೇಳಿಸಿತು.

"ಬಾಗಿಲಿಗೆ ಗಂಟೆ ಇರ್ಲಿ ಬಿಡು. ಕಳ್ಳಕಾಕರ ಭಯ" ಅಂದು ಜೀಪು ಹತ್ತಿದರು.

ಎಮ್ಮೆ ಉಳಿಯಿತು. ಕೆಟ್ಟದ್ದು ನನ್ನ ಪಾಡು. ಮೊದಲು ಕರೆಂಟು ಹೋಗಿ ತಾನೇ ಬಡಿಯುತ್ತಿದ್ದ ಗಂಟೆಯನ್ನು ಈಗ ಎರಡು ಹೊತ್ತೂ ನಾನೇ ಹೋಗಿ ಬಡಿಸಬೇಕು. ಭಾನುವಾರ ಇಲ್ಲ, ಹಬ್ಬ ಇಲ್ಲ. ತಡವಾದರೆ ಚೆಲುವಿ ಗೋಡೆಗೆ ಕೊಂಬು ತಿಕ್ಕುತ್ತಾಳೆ. ಪೆಟ್ಟಿಗೆಗೆ ಪಿರಿಯಾಪಟ್ಟಣದ ಗಡಿಯಾರ, ನನಗೆ ಎಮ್ಮೆಯದು. ಮೊನ್ನೆ ಅರ್ಧ ಟೀ ಬಿಟ್ಟು ಓಡುತ್ತಿದ್ದೆ. ದಾರಿಯಲ್ಲಿ ನನ್ನ ಹಳೇ ಮೇಷ್ಟರು ಸಿಕ್ಕರು.

"ಎಲ್ಲಿಗೋ ಇಷ್ಟು ಅರ್ಜೆಂಟು?"

"ಗಂಟೆ ಹೊತ್ತಾಯ್ತು ಸಾ" ಅಂದೆ. ತಿರುಗಿ ನೋಡಿದರೆ ಮೇಷ್ಟರು ಕೊಡೆ ಊರಿಕೊಂಡು ನಡುರಸ್ತೆಯಲ್ಲಿ ಹಾಗೇ ನಿಂತಿದ್ದರು.