ಹಾರುಬೂದಿಯ ಹಾಡನ್ನು ತೊಳೆದು ಒಣಹಾಕಿದ್ದು

ಸೋಮವಾರದ ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತ ಕುಳಿತಿದ್ದೆ. ಇಪ್ಪತ್ತೊಂದರಲ್ಲಿ ಹದಿನಾಲ್ಕು ಮುಗಿದಿದ್ದವು. ಅಷ್ಟರಲ್ಲಿ ನಮ್ಮನೆಯವರು ಮೋಟಾರು ವೈಂಡಿಂಗ್ ಅಂಗಡಿಯನ್ನು ಹಾಡಹಗಲೇ ಮುಚ್ಚಿಕೊಂಡು ಮನೆಗೆ ಬಂದರು. ಮುಖದ ತುಂಬ ನಗು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರ ಅಷ್ಟೂ ಹಲ್ಲುಗಳನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಯಾರಿಗೋ ಏನೋ ಆಗಿರಬೇಕೆಂದು ನಾನು ಹೆದರಿದೆ.

“ಹೈದರಾಬಾದಿನಿಂದ ಒಬ್ಬಾಕಿ ಹುಡುಗಿ ಫೋನ್ ಮಾಡಿದ್ಲು. ನಮ್ಮ ಹಾರುಬೂದಿ ಕ್ಯಾಸೆಟ್ ಕೇಳಾಕ ಬರ್ತಾಳಂತ,” ಎಂದರು.

ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲು ಉರಿದ ಮೇಲೆ ಉಳಿಯುವ ನುಣ್ಣನೆಯ ಬೂದಿಗೆ ಹಾರುಬೂದಿ ಎನ್ನುತ್ತಾರೆ. ಕಾಲೇಜು ದಿನಗಳಲ್ಲಿ ನಮ್ಮನೆಯವರೂ ಮೂವರು ಗೆಳೆಯರೂ ಕೂಡಿ ಕಟ್ಟಿದ ಹಾಡಿನ ತಂಡಕ್ಕೆ ಈ ಮಂಗಳಕರ ಹೆಸರನ್ನು ಇಟ್ಟಿದ್ದರು. ಆ ಬಗೆಯ ಸಂಗೀತಕ್ಕೆ ಪೋಸ್ಟ್-ಪಂಕ್ ಎನ್ನುವರಂತೆ. ಕೇಳಿದವರಿಗೆ ಎರಡು ದಿನ ಊಟ ಸೇರದು. ಇವರು ದಪ್ಪ ತಂತಿಯ ಗಿಟಾರು ಬಾರಿಸುತ್ತಿದ್ದರು. ಹಾಡುತ್ತಿದ್ದವನು ಮಾನ್ವಿಯ ಬಳೆ ಅಂಗಡಿಯ ಮಹಬೂಬ.

ತಂಡ ವೇದಿಕೆ ಹತ್ತಿದ್ದು ಮೂರೇ ಸಲ. ರಾಯಚೂರಿನ ಕಾಲೇಜಿನಲ್ಲಿ ಜನ ಇದಿನ್ನೂ ಮೈಕ್ ಪರೀಕ್ಷೆಯೆಂದು ತಿಳಿದು, ಹಾಡು ಯಾವಾಗ ಶುರುವಾದೀತೆಂದು ಮುಕ್ಕಾಲು ಗಂಟೆ ಕಾದರಂತೆ. ಮಾನ್ವಿಯಲ್ಲಿ ಗಣೇಶನ ಪೆಂಡಾಲಿನಲ್ಲಿ ಹಾಡಿದರು. ಸಂಘದವರು ಗಣಪತಿಯನ್ನು ಎರಡು ದಿನ ಮೊದಲೇ ನೀರಿಗೆ ಬಿಟ್ಟರು. ದೇವದುರ್ಗದಲ್ಲಿ ಒಂದು ಮದುವೆ. ಮೂರನೆಯ ಹಾಡಿಗೆ ಹೆಣ್ಣಿನ ತಂದೆ ಕೈಮುಗಿದು, ಊಟ ಕಟ್ಟಿಕೊಟ್ಟು, ತಾನೇ ನಿಂತು ಗಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿಸಿದನು. ಮೂರನ್ನೂ ಮೂರು ಕ್ಯಾಸೆಟ್ಟಿನಲ್ಲಿ ತುಂಬಿಟ್ಟಿದ್ದರು.

ಈಗ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವನ ಮಗಳು, ಬರೀ ವಾದ್ಯವಿರುವ ಒಂದು ತುಣುಕನ್ನು ಇಂಟರ್‌ನೆಟ್ಟಿಗೆ ಹಾಕಿದ್ದಳು. ಎಲ್ಲೆಲ್ಲಿಯವೋ ಹುಡುಗರು ಅದನ್ನು ಕೇಳಿ, ಕಪ್ಪಂಗಿ ತೊಟ್ಟು, ಹಾರುಬೂದಿಯ ಭಕ್ತರಾಗಿದ್ದರು. ಹಾಡುಗಾರನ ದನಿ ಬೇಕೆಂದು ಅವರ ಹಟ. ಆದರೆ ಮಹಬೂಬ ತೀರಿಕೊಂಡು ಮೂರು ವರ್ಷ. ಅವನ ದನಿ ಇದ್ದದ್ದು ಆ ಮೂರು ಕ್ಯಾಸೆಟ್ಟಿನಲ್ಲಿ ಮಾತ್ರ.

“ಮಹಬೂಬನ ತಾಯಿ ಖೈರೂನಮ್ಮಗೂ ಹೇಳೀನಿ. ಸೋಮವಾರ ಬರ್ತಾಳ. ಮಗನ ಫೋಟೋ ಅದ, ದನಿ ಇಲ್ಲ ಅಂತ ಅಳ್ತಿದ್ಲು ಮುದುಕಿ. ಕ್ಯಾಸೆಟ್ ತಗಡಿನ ಪೆಟಗಿಯಾಗ ಅದಾವಲ್ಲ?”

“ಎಲ್ಲಿ ಹೋಗ್ತಾವ್ರೀ? ಇರ್ತಾವ,” ಎಂದೆ. ಇಷ್ಟು ಧೈರ್ಯದಿಂದ ನಾನು ಪಂಚಾಕ್ಷರಿಯನ್ನೂ ಹೇಳಿದವಳಲ್ಲ.

ಅವರು ಅಂಗಡಿಗೆ ಮರಳಿದ ಮೇಲೆ ಪೆಟ್ಟಿಗೆ ತೆಗೆದೆ. ತೆಗೆಯುತ್ತಿದ್ದಂತೆ ನೆನಪಾಯಿತು.

ನಮ್ಮ ಕಡೆ ಜೋಳದ ತೆನೆ ಹಾಲುಗಾಳು ಕಟ್ಟಿದಾಗ ಹೊಲದಲ್ಲಿ ಗೂಟ ನೆಟ್ಟು, ಹಳೇ ಕ್ಯಾಸೆಟ್ಟಿನ ರೀಲು ಬಿಚ್ಚಿ ಬಿಗಿದು ಕಟ್ಟುತ್ತಾರೆ. ಬಿಸಿಲಿಗೆ ಅದು ಮಿಂಚುತ್ತದೆ, ಗಾಳಿಗೆ ಗುಂಯ್‌ಗುಡುತ್ತದೆ, ಹಕ್ಕಿ ಹತ್ತಿರ ಸುಳಿಯುವುದಿಲ್ಲ. ದೀಪಾವಳಿಗೆ ಬಂದಿದ್ದ ನನ್ನ ತಮ್ಮ ಅಮರೇಶ ಹಿರೇಕೊಟ್ನೆಕಲ್‌ನ ಹೊಲಕ್ಕೆ ಹಳೇ ಕ್ಯಾಸೆಟ್ ಕೇಳಿದ್ದ. ನಾನು ಒಂದೊಂದನ್ನೂ ಓದಿ ಆರಿಸಿದ್ದೆ. ವಚನ, ಭಜನೆ, ಪುರಾಣದ ಕ್ಯಾಸೆಟ್ಟುಗಳನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟೆ; ದೇವರ ಹೆಸರನ್ನು ಗೂಟಕ್ಕೆ ಕಟ್ಟಿದರೆ ಪಾಪ ಸುತ್ತಿಕೊಳ್ಳುವುದಿಲ್ಲವೇ? ಬೂದಿ ಎಂದು ಬರೆದ ಮೂರನ್ನು ತಮ್ಮನ ಚೀಲಕ್ಕೆ ಹಾಕಿದೆ. ಬೂದಿ ಹೊರಗೆ ಹೋಯಿತೆಂದು ಅಂದು ಸಮಾಧಾನವೂ ಆಗಿತ್ತು!

ಮರುದಿನ ಮಾನ್ವಿಯಲ್ಲಿ ಹರಕೆ ತೀರಿಸಬೇಕೆಂದು ಗಂಡನಿಗೆ ಸುಳ್ಳು ಹೇಳಿ ಬಸ್ಸು ಹಿಡಿದೆ. ದೇವರ ಹೆಸರಿನಲ್ಲಿ ಹೇಳಿದ್ದರಿಂದ ಅರ್ಧ ಸುಳ್ಳೆಂದು ಲೆಕ್ಕ ಹಾಕಿಕೊಂಡೆ. ಹೊಲದಲ್ಲಿ ರೀಲು ನೇತಾಡುತ್ತಿತ್ತು. ಪುಣ್ಯಕ್ಕೆ ಯಾವುದೂ ಕಳುವಾಗಿರಲಿಲ್ಲ.

ಅಮರೇಶ ಹೆಮ್ಮೆಯಿಂದ, “ಅಕ್ಕಾ, ಸಿನಿಮಾ ಹಾಡಿನ ರೀಲಿನ ಮ್ಯಾಲೆ ಗುಬ್ಬಿ ಕುಂತು ಜೋಲಿ ಹೊಡಿತಿದ್ವು. ನಿಮ್ಮ ಮನ್ಯಾವ್ರ ಹಾಡಿಗೆ ಒಂದ ಹಕ್ಕಿ ಬಂದಿಲ್ಲ ನೋಡು,” ಎಂದ.

ದೇವದುರ್ಗದ ಆ ಹೆಣ್ಣಿನ ತಂದೆಯ ನೆನಪಾಯಿತು. ನಾನು ರೀಲು ಬಿಚ್ಚತೊಡಗಿದೆ. ಗಂಟು ಬಿಚ್ಚದ ಕಡೆ ಕುಡುಗೋಲಿನಿಂದ ಕತ್ತರಿಸಿದೆ. ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಒಂದೇ ಉಂಡೆಯಾಗಿ ನನ್ನ ಚೀಲ ಸೇರಿದವು. ಮರಳುವ ಬಸ್ಸು ಸಿರವಾರ ದಾಟುವಷ್ಟರಲ್ಲಿ ತಮ್ಮನ ಫೋನ್ ಬಂತು. ರೀಲು ಬಿಚ್ಚಿದ್ದೇ ತಡ, ಸುತ್ತಲಿನ ಹಕ್ಕಿಗಳೆಲ್ಲ ಅವನ ಹೊಲದಲ್ಲೇ ಊಟಕ್ಕೆ ಕೂತಿದ್ದವಂತೆ. ಸಂಜೆಯೊಳಗೆ ಬೇರೆ ರೀಲು ಕಳಿಸೆಂದು ಗೋಗರೆದ. ಬೇರೆ ಎಂದರೆ ಇನ್ನೇನಿದೆ ನನ್ನಲ್ಲಿ? ಮನೆಗೆ ಬಂದು, ಕಣ್ಣಿಗೊತ್ತಿಕೊಂಡಿದ್ದ ಭಜನೆಗಳನ್ನೇ ಇನ್ನೊಮ್ಮೆ ಕಣ್ಣಿಗೊತ್ತಿಕೊಂಡು ಬಸ್ಸಿನಲ್ಲಿ ಕಳಿಸಿದೆ. ಹೀಗೆ ಒಂದೇ ದಿನದಲ್ಲಿ ಇಹವೂ ಹೋಯಿತು, ಪರವೂ ಹೋಯಿತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಇನ್ನೂ ಏನಾದರೂ ಉಳಿಯುತ್ತಿತ್ತು. ಆದರೆ ಉಂಡೆ ಬಿಡಿಸಿ ನೋಡಿದರೆ ರೀಲಿನ ತುಂಬ ಕೆಮ್ಮಣ್ಣು, ಜೇಡನ ಬಲೆ. ಹೊರಗಿನವರು ಬರುವಾಗ ಇಂಥದ್ದನ್ನು ಅವರ ಕೈಗೆ ಕೊಡುವುದೇ? ಬಿಸಿನೀರಿಗೆ ಸೀಗೆಪುಡಿ ಹಾಕಿ ನೆನೆಸಿದೆ. ನೀರು ಕಾಫಿಯ ಬಣ್ಣಕ್ಕೆ ತಿರುಗಿತು. ಕೊಳೆ ಬಿಡುತ್ತಿದೆಯೆಂದು ಖುಷಿಯಾಗಿ ಇನ್ನೆರಡು ಸಲ ತಿಕ್ಕಿದೆ. ಮಾಳಿಗೆಯ ಮೇಲೆ ತಂತಿಗೆ ಹರವಿದೆ. ಪಕ್ಕದ ಮನೆಯ ಗೌರಮ್ಮ ಇಣುಕಿ, ಇದೇನು ಹೊಸ ಥರದ ಶ್ಯಾವಿಗೆಯೇ ಎಂದು ಕೇಳಿದಳು. ಒಣಗಿದ ಮೇಲೆ ರೀಲು ಮುರುಟಿಕೊಂಡಿತು. ಮುರುಟಿದ್ದಕ್ಕೆ ಮನೆಯಲ್ಲಿ ಒಂದೇ ಮದ್ದು. ಮೇಲೊಂದು ಪಂಚೆ ಹಾಸಿ ಇಸ್ತ್ರಿ ಇಟ್ಟೆ. ಮೊದಲ ಮೊಳ ಕೆಂಡದ ಮೇಲಿನ ಹಪ್ಪಳದ ಹಾಗೆ ಸುರುಟಿ ಒಂದು ಗೇಣಾಯಿತು. ನಾನು ಅಲ್ಲೇ ಕುಳಿತು ಅಳತೊಡಗಿದೆ.

ಊಟಕ್ಕೆಂದು ಬಂದ ನಮ್ಮನೆಯವರು ಮಾಳಿಗೆಗೆ ಹತ್ತಿದರು. ತಂತಿಯ ಮೇಲೆ ತೂಗಾಡುವ ರೀಲು ನೋಡಿದರು, ಇಸ್ತ್ರಿ ನೋಡಿದರು, ನನ್ನನ್ನು ನೋಡಿದರು. ಬಯ್ಯಲಿ ಎಂದು ಬೇಡಿಕೊಂಡೆ. ಬಯ್ಯಲಿಲ್ಲ.

“ಯಾವುದರಾಗ ತೊಳದಿ?” ಎಂದರು.

“ಸೀಗಿಪುಡಿ.”

ರೀಲಿನ ಒಂದು ತುದಿಯನ್ನು ಬಿಸಿಲಿಗೆ ಹಿಡಿದು ನೋಡಿ, “ದನಿ ಆ ಕಂದು ಬಣ್ಣದಾಗ ಇರ್ತದ,” ಎಂದರು.

ಹಿತ್ತಲ ಮೋರಿಯಲ್ಲಿ ಹರಿದುಹೋದ ಕಾಫಿಬಣ್ಣದ ನೀರು ನನ್ನ ಕಣ್ಣ ಮುಂದೆ ಬಂತು. ಮಹಬೂಬ ಮೋರಿಯ ಪಾಲಾಗಿದ್ದ. ಅದೂ ಅವನನ್ನು ನಾನು ಮೂರು ಸಲ ತಿಕ್ಕಿ ಕಳಿಸಿದ್ದೆ.

ಎರಡು ದಿನ ಅವರು ಅಂಗಡಿ ತೆರೆಯಲಿಲ್ಲ. ಸುಟ್ಟ ಮೋಟಾರಿನ ತಂತಿ ಸುತ್ತುವ ಕೈಯಿಂದ ಕಂದು ಬಣ್ಣ ಒಂದಿಷ್ಟಾದರೂ ಉಳಿದ ರೀಲನ್ನು ಗೇಣು ಗೇಣಾಗಿ ಜೋಡಿಸಿ, ಅಂಟುಪಟ್ಟಿ ಹಚ್ಚಿ, ಒಂದು ಕ್ಯಾಸೆಟ್ಟಿಗೆ ಸುತ್ತಿದರು. ನಾನು ಎದುರಿಗೆ ಕುಳಿತು ರೀಲಿನ ತುದಿ ಹಿಡಿದುಕೊಂಡಿದ್ದೆ. ನೀರು ಬೇಕೇ ಎಂದು ಕೇಳುವ ಧೈರ್ಯವಾಗಲಿಲ್ಲ; ನೀರಿನ ಸುದ್ದಿಯೇ ಬೇಡವೆನಿಸಿತ್ತು.

ಸೋಮವಾರ ಹೈದರಾಬಾದಿನ ಕಪ್ಪಂಗಿಯ ಹುಡುಗಿ ಯಂತ್ರದೊಡನೆ ಬಂದಳು. ಮಾನ್ವಿಯಿಂದ ಖೈರೂನಮ್ಮ ಬಿಳೀ ದುಪಟ್ಟಾ ಹೊದ್ದು, ಮಗನನ್ನೇ ನೋಡಲು ಹೊರಟವಳ ಹಾಗೆ ಅತ್ತರು ಪೂಸಿಕೊಂಡು ಬಂದಳು. ನಡೆದದ್ದನ್ನೆಲ್ಲ ನಾನೇ ಬಾಯಿಬಿಟ್ಟು ಹೇಳಿದೆ. ಅವಳು ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಯಂತ್ರ ತಿರುಗಿತು. ಹೊಟ್ಟು ತೂರಿದಂಥ ಸದ್ದು. ಅಂಟುಪಟ್ಟಿ ಬಂದಾಗೊಮ್ಮೆ ಟಪ್ ಎನ್ನುತ್ತಿತ್ತು. ಒಂದು ಬದಿ ಹಾಗೇ ಮುಗಿಯಿತು. ಎರಡನೆಯ ಬದಿಯೂ ಅರ್ಧ ದಾಟಿತು. ಹುಡುಗಿ ಕಿವಿಯ ಮೇಲಿನದನ್ನು ತೆಗೆದು ಕೆಳಗಿಟ್ಟಳು. ನಾನು ಮನಸ್ಸಿನಲ್ಲೇ ಶಿವನನ್ನು ಕರೆದೆ. ನನ್ನ ಭಜನೆಗಳನ್ನು ಗೂಟಕ್ಕೆ ಕಟ್ಟಿದ ಮೇಲೂ ಅವನು ಓಗೊಡುವನೆಂಬ ನಂಬಿಕೆ ಇರಲಿಲ್ಲ.

ಆಗ ಹೊಟ್ಟಿನ ಸದ್ದಿನೊಳಗಿಂದ ಯಾರೋ ಕೆಮ್ಮಿದರು. ಮೈಕನ್ನು ಎರಡು ಸಲ ಬೆರಳಿನಿಂದ ತಟ್ಟಿದರು.

“ಹಲೋ. ಆವಾಜ್ ಆರೈ ಕ್ಯಾ? ದನಿ ಬರಾಕತ್ತದೇನ್ರಪ್ಪಾ?”

ಎಳೆಯ ದನಿ. ಇಪ್ಪತ್ತರ ಹುಡುಗನದು.

“ಆರೈ ಬೇಟಾ,” ಎಂದಳು ಖೈರೂನಮ್ಮ. “ಆರೈ.”

ನಮ್ಮನೆಯವರು ಗೋಡೆಯ ಕಡೆ ತಿರುಗಿ ನಿಂತರು. ಆಮೇಲೆ ಮತ್ತೆ ಹೊಟ್ಟಿನ ಸದ್ದು, ಕೊನೆಯವರೆಗೂ. ಹಾಡು ಒಂದೂ ಉಳಿದಿರಲಿಲ್ಲ. ಮೂರು ಊರಿನ ಜನ ಸೇರಿ ಅಳಿಸಲಾಗದ್ದನ್ನು ನಾನೊಬ್ಬಳೇ ಒಂದು ಬಕೆಟ್ಟಿನಲ್ಲಿ ಮುಗಿಸಿದ್ದೆ.

ಖೈರೂನಮ್ಮ ಅಷ್ಟನ್ನೇ ಆರು ಸಲ ಹಾಕಿಸಿ ಕೇಳಿದಳು. ಆರು ಸಲವೂ ಉತ್ತರ ಕೊಟ್ಟಳು. ಹುಡುಗಿ ಆ ತುಣುಕನ್ನು ಅವಳ ಫೋನಿಗೆ ತುಂಬಿಕೊಟ್ಟು, ಕಣ್ಣೊರೆಸಿಕೊಂಡು, ರೀಲನ್ನು ಸ್ವಚ್ಛ ಮಾಡಿದ್ದು ಯಾರೆಂದು ಬರೆದುಕೊಳ್ಳಬೇಕೆಂದಳು. ನಮ್ಮನೆಯವರು ನನ್ನ ಕಡೆ ಕೈ ತೋರಿಸಿದರು. ಮೂರು ದಿನದಲ್ಲಿ ಅವರು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತೆಂದರೆ ಅದೊಂದೇ.

ಹೊತ್ತು ಮಧ್ಯಾಹ್ನವಾಗಿತ್ತು, ಮನೆಗೆ ಬಂದವರು ಉಂಡು ಹೋಗಬೇಕು. ನಾನು ಒಳಗೆ ಹೋಗಿ ನಾಲ್ವರಿಗೆ ಅಕ್ಕಿ ತೊಳೆಯಲು ಕುಳಿತೆ. ತೊಳೆಯುವುದೊಂದು ನನಗೆ ಚೆನ್ನಾಗಿ ಬರುತ್ತದೆ.