ಕೋರಂ ಇಲ್ಲದ ರಾಜಸಭೆ

ಮನುಷ್ಯನನ್ನು ಬೈದು ಸೋಲಿಸಬಹುದು, ಹೊಡೆದು ಸೋಲಿಸಬಹುದು. ಆದರೆ ಎದುರಿಗೆ ಕೂತು ಆಕಳಿಸಿ ಸೋಲಿಸಿದ ಹಾಗೆ ಬೇರೆ ಯಾವುದರಿಂದಲೂ ಸೋಲಿಸಲಾಗದು. ಬೈದವನಿಗೆ ತಿರುಗಿಸಿ ಬೈಯಬಹುದು. ಆಕಳಿಸಿದವನಿಗೆ ಏನು ಮಾಡುತ್ತೀರಿ? ಪಾಪ, ಅವನೇನೂ ಬೇಕೆಂದು ಮಾಡಿದ್ದಲ್ಲ. ಸಾಲದ್ದಕ್ಕೆ ಅದನ್ನು ಕಂಡ ನಮ್ಮ ಬಾಯಿಯೂ ತೆರೆದುಕೊಳ್ಳುತ್ತದೆ. ನಾನೇ ಕಟ್ಟಿದ ರಾಜಸಭೆಯಲ್ಲಿ, ನನ್ನದೇ ಮಹಾಮಂತ್ರಿಯ ಭಾಷಣದ ನಡುವೆ, ನಾನೇ ಆಕಳಿಸಿದ ದಿನ ನನಗೆ ಬದುಕೇ ಬೇಡ ಅನ್ನಿಸಿತು.

ರಾಜಸಭೆ ಎಂದೆನಲ್ಲ, ಗಾಬರಿಯಾಗಬೇಡಿ. ನಾನು ಕೆ.ಆರ್.ಎಸ್.ನ ಒಂದು ಕಚೇರಿಯಲ್ಲಿ ಗುಮಾಸ್ತ. ಹತ್ತೊಂಬತ್ತು ವರ್ಷಗಳಿಂದ ಸಭೆಗಳ ನಡಾವಳಿ ಬರೆಯುವುದೇ ನನ್ನ ಕೆಲಸ. ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಕೊನೆಗೆ 'ಸುದೀರ್ಘವಾಗಿ ಚರ್ಚಿಸಿ ಮುಂದಿನ ಸಭೆಗೆ ಮುಂದೂಡಲಾಯಿತು'. ಈ ವಾಕ್ಯವನ್ನು ನಾನು ನಿದ್ದೆಗಣ್ಣಿನಲ್ಲೂ ಬರೆಯಬಲ್ಲೆ, ಬರೆದೂ ಇದ್ದೇನೆ. ಈ ಹಿಂಸೆಯಿಂದ ತಪ್ಪಿಸಿಕೊಳ್ಳಲೆಂದೇ ಪ್ರತಿ ಭಾನುವಾರ ಮಧ್ಯಾಹ್ನ ಬಾಬುರಾಯನಕೊಪ್ಪಲಿನ ನಮ್ಮ ಮನೆಯಲ್ಲಿ ಒಂದು ಆಟ ನಡೆಸುತ್ತೇನೆ. ಆಟ ಸುಲಭ. ಒಬ್ಬ ಕಥೆ ಹೇಳುತ್ತಾನೆ, ಅದು ನಾನು. ಮಿಕ್ಕವರು ಕಥೆಯೊಳಗಿನ ಒಂದೊಂದು ಪಾತ್ರವಾಗಿ 'ನಾನು ಬಾಗಿಲು ಒದೀತೀನಿ', 'ನಾನು ಮಂತ್ರ ಹಾಕ್ತೀನಿ' ಅನ್ನುತ್ತಾರೆ. ಒದ್ದಾಗ ಬಾಗಿಲು ಮುರಿಯಿತೋ ಕಾಲು ಮುರಿಯಿತೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ವಾರವೆಲ್ಲ ಊರವರ ಮಾತು ಬರೆದುಕೊಳ್ಳುವ ನಾನು ಆ ಮೂರು ಗಂಟೆ ಮಾತ್ರ ಮಳೆ ಎಂದರೆ ಮಳೆ, ಬಿಸಿಲು ಎಂದರೆ ಬಿಸಿಲು. ನನ್ನ ಹೆಂಡತಿ ಸುಧಾ ಇದನ್ನು 'ದೊಡ್ಡೋರ ಚೌಕಾಬಾರ' ಎಂದು ಕರೆಯುತ್ತಾಳೆ. ಕರೆಯಲಿ ಬಿಡಿ. ಆ ಮೂರು ಗಂಟೆ ಇಲ್ಲದಿದ್ದರೆ ನಾನು ಸೋಮವಾರ ಬಸ್ಸು ಹತ್ತುತ್ತಲೇ ಇರಲಿಲ್ಲ.

ಆಡಲು ಬರುವವರು ಮೂವರು. ಪಾಂಡವಪುರದ ಕಡೆಯ ಬೋರೇಗೌಡ ನನ್ನ ಹೈಸ್ಕೂಲು ಗೆಳೆಯ; ನಾಲ್ಕು ಹಸು ಕಟ್ಟಿದ್ದಾನೆ, ಊರಿನ ಹಾಲಿನ ಸೊಸೈಟಿಗೆ ನಿರ್ದೇಶಕ. ಆಟದಲ್ಲಿ ಅವನು ಕೊಡಲಿ ಹಿಡಿದ ವೀರ. ಕೆ.ಆರ್.ಪೇಟೆಯ ಚಂದ್ರು ಬಸ್ ಕಂಡಕ್ಟರು, ಆಟದಲ್ಲಿ ಕಳ್ಳ. ನಾಗಮಂಗಲದ ವಿಮಲಾ ಮೇಡಂ ಗಣಿತದ ಟೀಚರು, ಆಟದಲ್ಲಿ ಮಾಟಗಾತಿ. ಎರಡು ವರ್ಷ ಈ ಮೂವರೂ ಸೇರಿ ಗುಹೆಗಳನ್ನು ಸೂರೆ ಮಾಡಿದರು, ರಾಕ್ಷಸರನ್ನು ತರಿದರು. ಚೆನ್ನಾಗಿಯೇ ಇತ್ತು. ಆಮೇಲೆ ನನ್ನ ತಲೆಗೆ ಅದೇನು ಹೊಕ್ಕಿತೋ, ಕಥೆಗೆ ಸ್ವಲ್ಪ ತೂಕ ಬರಲಿ ಎಂದು ರಾಜಕೀಯ ತಂದೆ. ರಾಜ್ಯಕ್ಕೆ ಬೆಂಕಿ ಉಗುಳುವ ಡ್ರ್ಯಾಗನ್ ಬಂದಿದೆ, ಏನು ಮಾಡಬೇಕೆಂದು ರಾಜ ಸಭೆ ಕರೆದಿದ್ದಾನೆ. ಏಳು ಜನ ಮಂತ್ರಿಗಳು, ಏಳು ಭಾಷಣಗಳು. ಏಳಕ್ಕೂ ಧ್ವನಿ ನನ್ನದೇ.

ಮೊದಲ ಭಾನುವಾರ ಚಂದ್ರು ನಿದ್ದೆ ಹೋದ. ಎರಡನೆಯ ಭಾನುವಾರ ನಾನು ಸುಧಾಳ ರೇಷ್ಮೆ ಸೀರೆಯನ್ನು ಶಲ್ಯದಂತೆ ಹೊದ್ದು ರಾಜನಾಗಿ ಕೂತೆ. ಅದರಿಂದ ಎಚ್ಚರಗೊಂಡವಳು ಸುಧಾ ಒಬ್ಬಳೇ, ಅದೂ ಸೀರೆ ಕಿತ್ತುಕೊಳ್ಳುವುದಕ್ಕೆ. ಮೂರನೆಯ ಭಾನುವಾರ ಅರ್ಥಮಂತ್ರಿಯ ಲೋಟದಲ್ಲಿ ವಿಷ ಬೆರೆಸಿದೆ. ಕುತೂಹಲ ಹುಟ್ಟಲಿ ಎಂದು. ಚಂದ್ರು ಕಣ್ಣು ಬಿಟ್ಟು "ಲೋಟ ಬೆಳ್ಳೀದಾ? ಕದ್ಬುಟ್ಟೆ" ಎಂದು ಮತ್ತೆ ಒರಗಿದ. ನಾನು ಮಹಾಮಂತ್ರಿಯ ಭಾಷಣಕ್ಕೆ ಹೊರಳಿದೆ. ಆಗಲೇ ನಾನು ಮೇಲೆ ಹೇಳಿದ ಆಕಳಿಕೆ ಬಂದದ್ದು.

ಬೋರೇಗೌಡ ತಡೆಯಲಾರದೆ ಅಂದ: "ಏನ್ಲಾ ಸೀನ ಇದು? ಕೇಳೋನೂ ನೀನೇ, ಯೋಳೋನೂ ನೀನೇ. ನಾವ್ಯಾಕ್ಲಾ ಬಂದಿರಾದು, ಉಪ್ಪಿಟ್ಟು ತಿನ್ನಾಕಾ?"

ವಿಮಲಾ ಮೇಡಂ ಸಿಟ್ಟಾಗಲಿಲ್ಲ; ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಬ್ಯಾಗಿಗೆ ದಾಳ ಹಾಕಿಕೊಳ್ಳುತ್ತಾ ಮೆಲ್ಲಗೆ ಹೇಳಿದರು: "ಸೀನಣ್ಣ, ನಾಗಮಂಗಲದಿಂದ ಎರಡು ಬಸ್ಸು ಹತ್ತಿ ಬರ್ತೀನಿ. ಮುಂದಿನ ವಾರಾನೂ ಹಿಂಗೇ ಆದ್ರೆ ನಾನು ಬರಲ್ಲ, ಬೇಜಾರು ಮಾಡ್ಕೋಬೇಡಿ." ಅವರು ಬಿಟ್ಟರೆ ಚಂದ್ರು ಬಿಡುತ್ತಾನೆ, ಚಂದ್ರು ಬಿಟ್ಟರೆ ಬೋರೇಗೌಡನೊಬ್ಬನಿಗೆ ನಾನು ಎಂಥ ಕಥೆ ಹೇಳಲಿ? ಎರಡು ವರ್ಷದ ರಾಜ್ಯ ಮುಂದಿನ ಭಾನುವಾರಕ್ಕೆ ಮಣ್ಣುಪಾಲು. ನಾಚಿಕೆ ಬಿಟ್ಟು ಹೇಳುತ್ತೇನೆ, ಅವತ್ತು ನನಗೆ ಅನ್ನ ಸೇರಲಿಲ್ಲ.

ಮಾರನೆಯ ದಿನ ಬೋರೇಗೌಡನಿಗೆ ಫೋನು ಮಾಡಿ ಗೋಳು ತೋಡಿಕೊಂಡೆ. "ನಿಂಗೆ ಸಭೆ ಅಂದ್ರೇನು ಅಂತ್ಲೇ ಗೊತ್ತಿಲ್ಲ ಕಣ್ಲಾ" ಎಂದುಬಿಟ್ಟ. ಯಾರಿಗೆ? ಹತ್ತೊಂಬತ್ತು ವರ್ಷ ನಡಾವಳಿ ಬರೆದವನಿಗೆ! ಮೈಯೆಲ್ಲ ಉರಿದುಹೋಯಿತು. ಅವನು ಮುಂದುವರಿಸಿದ: "ಯಾರು ಏನಂದ್ರು ಅಂತ ಬರ್ಕಂಡೆ, ಯಾಕಂದ್ರು ಅಂತ ತಿಳ್ಕಳ್ನಿಲ್ಲ. ಆ ಏಳು ಮಂತ್ರಿಗಳ್ನ ಮನೆಗೆ ಕಳ್ಸು. ಕುರ್ಚಿ ನಮಗ್ ಕೊಡು. ಕುರ್ಚಿಗೊಂದು ಒಟ್ಟೆ ಉರಿ ಕೊಡು. ಸಾಕು."

ಕೊಟ್ಟೆ. ಡ್ರ್ಯಾಗನ್ನನ್ನು ರಾಜ್ಯದ ದೊಡ್ಡ ನಾಲೆಯ ತೂಬಿನ ಮೇಲೆ ಕೂರಿಸಿದೆ. ಅದನ್ನು ಓಡಿಸಬೇಕಾದರೆ ಹದಿನೈದು ದಿನ ನಾಲೆಗೆ ನೀರು ನಿಲ್ಲಿಸಬೇಕು. ಬೋರೇಗೌಡ ನಾಲೆಯ ಮೇಲ್ಭಾಗದ ಹಳ್ಳಿಗಳ ಮಂತ್ರಿ, ವಿಮಲಾ ಮೇಡಂ ಕೊನೆಭಾಗದವರ ಮಂತ್ರಿ, ಚಂದ್ರು ರಸ್ತೆಗಳ ಮಂತ್ರಿ. ರಾಜ ನಾನು. ಭಾನುವಾರ ಗಂಟಲು ಸರಿಮಾಡಿಕೊಂಡು "ಸಭಾಸದರೇ" ಎಂದೆ.

"ತಡಿ" ಎಂದ ಬೋರೇಗೌಡ. "ಕಳೆದ್ ಸಭೆ ನಡಾವಳಿ ಎಲ್ಲಪ್ಪಾ? ಅದ್ನ ಓದಿ ಒಪ್ಪದಲೆ ಮುಂದ್ಕೆ ಯಂಗೆ ಓಗಾದು?"

ನಡಾವಳಿಯೇ ಇರಲಿಲ್ಲ. ಅದರ ಮೇಲೆ ಅರ್ಧ ಗಂಟೆ ಜಗಳ. ಆಮೇಲೆ ನೀರಿನ ಮಾತು ಬಂತು ನೋಡಿ. "ಕೊನೇಲಿರೋರು ಮನುಷ್ಯರಲ್ವಾ? ನಮ್ಮೂರಿಗೆ ನೀರು ಬರೋದು ಬರೀ ಕಾಗದದ ಮೇಲೆ!" ಎಂದು ಎರಡು ವರ್ಷದಲ್ಲಿ ಒಮ್ಮೆಯೂ ದನಿ ಏರಿಸದಿದ್ದ ವಿಮಲಾ ಮೇಡಂ ಮೇಜು ಗುದ್ದಿದರು. ಸುಧಾ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಬಂದಳು. ಬೋರೇಗೌಡ ಎದ್ದ, ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ, "ಮರ್ವಾದೆ ಇಲ್ದಿರೋ ಸಭೇಲಿ ನಾನ್ ಕೂರಾಕಿಲ್ಲ" ಎಂದು ನಿಜವಾಗಿಯೂ ಹೊರಗೆ ಹೋಗಿ ಜಗಲಿಯ ಮೇಲೆ ಕೂತ.

'ಸದಸ್ಯರೊಬ್ಬರು ಸಭೆಯಿಂದ ನಿರ್ಗಮಿಸಿದರು' ಎಂದು ನಾನು ಎಷ್ಟೋ ಸಲ ಬರೆದಿದ್ದೇನೆ. ಆಮೇಲಿನದು ಗೊತ್ತೇ ಇರಲಿಲ್ಲ. ನಮ್ಮ ಕಡೆ ಹಾಗೆ ಎದ್ದುಹೋದವನು ಮನೆಗೆ ಹೋಗುವುದಿಲ್ಲವಂತೆ. ಕಾಣುವಷ್ಟು ದೂರದಲ್ಲಿ ಬೆನ್ನು ತಿರುಗಿಸಿ ಕೂರುತ್ತಾನೆ. ಒಬ್ಬರು ಕರೆದರೆ ಬರುವುದಿಲ್ಲ. ಇಬ್ಬರು ಹೋಗಬೇಕು, ಅದರಲ್ಲಿ ಒಬ್ಬರು ಅವನು ಎದ್ದುಹೋಗುವಂತೆ ಮಾಡಿದವರೇ ಆಗಿರಬೇಕು. ಮೊದಲು ಹೋದ ಸುಧಾ ಒಬ್ಬಳೇ ವಾಪಸು ಬಂದು ಇಷ್ಟನ್ನೂ ನನಗೆ ವಿವರಿಸಿ, ವಿಮಲಾ ಮೇಡಂ ಅವರನ್ನು ಕರೆದುಕೊಂಡು ಮತ್ತೆ ಹೋದಳು. ನಾನು ಆನಂದದಿಂದ ಕಣ್ಣೊರೆಸಿಕೊಂಡೆ. ಇಷ್ಟು ಜೀವ ತುಂಬಿದ ಸಭೆಯನ್ನು ನಾನು ಕಚೇರಿಯಲ್ಲೂ ಕಂಡಿರಲಿಲ್ಲ. ಇದೇ ಸಮಯ ಎಂದು, ಅವರು ಒಳಗೆ ಕಾಲಿಡುತ್ತಿದ್ದಂತೆ ಕೂಗಿದೆ: "ಅಗೋ, ಡ್ರ್ಯಾಗನ್ ಕೋಟೆಯ ಮೇಲೆ ಇಳಿಯಿತು! ದಾಳ ಉರುಳಿಸಿ!"

ಯಾರೂ ದಾಳ ಮುಟ್ಟಲಿಲ್ಲ.

"ಇರಣ್ಣೋ, ಬೋರಣ್ಣ ಇನ್ನೂ ಕೂತಿಲ್ಲ. ಕೋರಂ ಇಲ್ಲ" ಎಂದ ಚಂದ್ರು. ಬೋರೇಗೌಡ ಕೂತ ಮೇಲೆ ಡ್ರ್ಯಾಗನ್ನಿಂದ ಬೆಂಕಿ ಉಗುಳಿಸಿದೆ. ವಿಮಲಾ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಇದು ಕಾರ್ಯಸೂಚಿಯಲ್ಲಿ ಇದ್ಯಾ ಸೀನಣ್ಣ? ಇಲ್ಲ ತಾನೆ? ಕೊನೇಲಿ ಇತರೆ ವಿಷಯಗಳಲ್ಲಿ ತಗೊಳ್ಳೋಣ."

ಇದಾಗಿ ಐದು ತಿಂಗಳು. ಈಗ ಯಾರೂ ಒಂದು ಭಾನುವಾರವನ್ನೂ ತಪ್ಪಿಸುವುದಿಲ್ಲ. ಚಂದ್ರು ಡ್ಯೂಟಿ ಬದಲಾಯಿಸಿಕೊಂಡು ಬರುತ್ತಾನೆ. ನಾನು ಕೂತು ಬರೆದ ಗುಹೆ, ನಿಧಿ, ರಾಕ್ಷಸಿಯರು ಎಲ್ಲ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ಡ್ರ್ಯಾಗನ್ನು ಕೋಟೆಯಿಂದ ತೂಬಿಗೇ ವಾಪಸು ಹೋಗಿ, ಕೂತು ಕೂತು ಬಹುಶಃ ಮೊಟ್ಟೆ ಇಟ್ಟಿದೆ. ನನ್ನನ್ನು ಯಾರೂ ಕೇಳಿಲ್ಲ. ರಾಜ ನಡುನಡುವೆ ಮಾತಾಡುವುದು ಜಾಸ್ತಿಯಾಯಿತು ಎಂದು ಮೂರನೆಯ ತಿಂಗಳಲ್ಲಿ ಅವನನ್ನು ಸರ್ವಾನುಮತದಿಂದ ಇಳಿಸಿದರು. ಎದ್ದುಹೋದವರನ್ನು ಕರೆತರುವ ವಿದ್ಯೆ ಬಲ್ಲವಳೆಂದು ಸುಧಾಳನ್ನು ಅಧ್ಯಕ್ಷೆ ಮಾಡಿದರು. ಅವಳು ಅದೇ ರೇಷ್ಮೆ ಸೀರೆ ಉಟ್ಟು ಕೂರುತ್ತಾಳೆ. ಪಟ್ಟ ಕಳೆದುಕೊಂಡ ದಿನ ನಾನು ಜಗಲಿಗೆ ಹೋಗಿ ಬೆನ್ನು ತಿರುಗಿಸಿ ಕೂತೆ. ಇಬ್ಬರು ಬರುತ್ತಾರೆಂದು ಬಹಳ ಹೊತ್ತು ಕಾದೆ. ಬೋರೇಗೌಡನೊಬ್ಬನೇ ಬಂದ, ಕೈಯಲ್ಲಿ ಒಂದು ಉದ್ದನೆಯ ಪುಸ್ತಕ.

"ತಗಳ್ಲಾ, ನಡಾವಳಿ ಬರಿ. ಯಂಗಿದ್ರೂ ನಿಂಗೆ ಅಭ್ಯಾಸ ಐತೆ."

ಈಗ ಭಾನುವಾರವೂ ಬರೆಯುತ್ತೇನೆ. ಮೊನ್ನೆ 'ಡ್ರ್ಯಾಗನ್ನಿನ ವಿಷಯವನ್ನು ಸುದೀರ್ಘವಾಗಿ ಚರ್ಚಿಸಿ ಮುಂದಿನ ಸಭೆಗೆ ಮುಂದೂಡಲಾಯಿತು' ಎಂದು ಬರೆಯುವಾಗ ಎಷ್ಟು ತಡೆದರೂ ಕೇಳದೆ ಒಂದು ಆಕಳಿಕೆ ಬಂತು. ಅಧ್ಯಕ್ಷೆ ನೋಡಿಬಿಟ್ಟಳು. "ಗುಮಾಸ್ತರು ಸಭೇಲಿ ಆಕಳಿಸಿದ್ರು ಅಂತ ಬರ್ಕೊಳ್ಳಿ" ಎಂದಳು. ವಿಮಲಾ ಮೇಡಂ ಅನುಮೋದಿಸಿದರು. ಬರೆದುಕೊಂಡೆ.