ಅಣ್ಣನ ಬೈಕನ್ನು ಎಬ್ಬಿಸಿದ್ದು

ದೊಡ್ಡ ಸುಳ್ಳು ಹೇಳುವುದಕ್ಕೆ ಧೈರ್ಯ ಬೇಕು. ಸಣ್ಣ ಸುಳ್ಳಿಗೆ ಸೋಮಾರಿತನವಿದ್ದರೆ ಸಾಕು. ಎರಡನೆಯದು ನನ್ನಲ್ಲಿ ಧಾರಾಳವಾಗಿರುವುದರಿಂದ ನನ್ನ ಸುಳ್ಳುಗಳೆಲ್ಲ ಸಣ್ಣವೇ. 'ಫೈಲು ಮೇಲಿನವರ ಹತ್ತಿರ ಹೋಗಿದೆ', 'ಹೊರಟಾಯಿತು, ಮೆಟ್ರೋದಲ್ಲಿದ್ದೇನೆ', 'ಸಾರಿಗೆ ಉಪ್ಪು ಸರಿಯಾಗಿದೆ' - ದೆಹಲಿಯಲ್ಲಿ ಇಪ್ಪತ್ತೈದು ವರ್ಷ ಗುಮಾಸ್ತಿಕೆಯನ್ನೂ ಸಂಸಾರವನ್ನೂ ಒಟ್ಟಿಗೆ ನಿಭಾಯಿಸಿದವನು ಇಷ್ಟೂ ಹೇಳದಿದ್ದರೆ ಹೇಗೆ? ಆದರೆ ಒಂದೇ ಸುಳ್ಳನ್ನು ಆರು ವರ್ಷ, ಪ್ರತಿ ಭಾನುವಾರ, ಒಬ್ಬನೇ ಮನುಷ್ಯನಿಗೆ ಹೇಳುತ್ತಾ ಬಂದರೆ ಅದು ಎಷ್ಟು ಬೆಳೆದಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ.

ಆ ಮನುಷ್ಯ ನನ್ನ ಅಣ್ಣ ಜಯಣ್ಣ. ಸೈನ್ಯದಲ್ಲಿ ಸುಬೇದಾರ. ಆರು ವರ್ಷದ ಹಿಂದೆ ಅವನಿಗೆ ದೆಹಲಿ ಕಂಟೋನ್ಮೆಂಟಿನಿಂದ ಈಶಾನ್ಯದ ಗಡಿಗೆ ವರ್ಗವಾದಾಗ, ತನ್ನ ಟೂ-ಸ್ಟ್ರೋಕ್ ಡರ್ಟ್ ಬೈಕನ್ನು ಒಂದು ಟೆಂಪೋದಲ್ಲಿ ಹೇರಿಕೊಂಡು ಜನಕಪುರಿಯ ನಮ್ಮ ಮನೆಗೆ ತಂದ. ರಸ್ತೆಯ ಬೈಕಲ್ಲ ಅದು. ದೀಪವಿಲ್ಲ, ನಂಬರ್ ಪ್ಲೇಟಿಲ್ಲ. ಹಲ್ಲುಹಲ್ಲಿನ ಟೈರು, ಸೀಟಿನ ಪಕ್ಕದಲ್ಲೇ ಎತ್ತರಕ್ಕೆ ಬಾಗಿ ನಿಂತ ಸೈಲೆನ್ಸರು. ಕೆಸರಿನಲ್ಲಿ ಓಡುವುದಕ್ಕೆಂದೇ ಹುಟ್ಟಿದ್ದು. ಹಿಂದಿನ ಓಣಿಯಲ್ಲಿ ನಮ್ಮ ಅಡಿಗೆಮನೆಯ ಕಿಟಕಿಯ ಕೆಳಗೆ ಅದನ್ನು ನಿಲ್ಲಿಸಿ, ನನ್ನ ಭುಜದ ಮೇಲೆ ಕೈಯಿಟ್ಟು, "ವಾರಕ್ಕೊಂದು ಸಲ ಸ್ಟಾರ್ಟ್ ಮಾಡು, ಸಾಕು. ಹತ್ತು ನಿಮಿಷ ಓಡ್ಲಿ. ಇಂಜಿನ್ನು ಮನುಷ್ಯರ ಹಾಗೇ ಕಣೋ, ಸುಮ್ನೆ ಕೂರಿಸಿದ್ರೆ ಕೆಟ್ಟುಹೋಗುತ್ತೆ" ಎಂದ.

ಮೊದಲ ಭಾನುವಾರ ಮಾಡಿದೆ. ಎರಡನೆಯ ಭಾನುವಾರ ನೆಗಡಿ. ಮೂರನೆಯ ಭಾನುವಾರ ಮೂಲಂಗಿ ಪರಾಠ. ಆಮೇಲೆ ಭಾನುವಾರಗಳೇ ಬಂದವು, ಬೈಕಿನ ಹತ್ತಿರ ನಾನು ಹೋಗಲಿಲ್ಲ. ಅಣ್ಣ ವಾರವಾರವೂ ಫೋನು ಮಾಡಿ ಕ್ಷೇಮಸಮಾಚಾರದ ಕೊನೆಗೆ "ಗಾಡಿ?" ಎನ್ನುತ್ತಿದ್ದ. "ಈಗಷ್ಟೇ ಸ್ಟಾರ್ಟ್ ಮಾಡಿ ಬಂದೆ" ಎನ್ನುತ್ತಿದ್ದೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಾ. ಇತ್ತ ನನ್ನ ಹೆಂಡತಿ ವನಜ ಅದರ ಸೀಟಿನ ಮೇಲೆ ತುಳಸಿಯ ಕುಂಡವಿಟ್ಟಳು, ಹ್ಯಾಂಡಲ್ಲಿಗೆ ನೆಲ ಒರೆಸುವ ಬಟ್ಟೆ ಹರವಿದಳು.

ಕಳೆದ ಸೆಪ್ಟೆಂಬರಿನಲ್ಲಿ ಫೋನು ಬಂತು. "ರಿಟೈರ್ ಆದೆ ಕಣೋ. ಮುಂದಿನ ಶನಿವಾರ ಬರ್ತೀನಿ. ಎರಡು ದಿನ ಇದ್ದು, ಗಾಡಿ ತಗೊಂಡು ಊರಿಗೆ."

ನಾನು ಫೋನಿಟ್ಟು ಹಿಂದಿನ ಓಣಿಗೆ ಓಡಿದೆ. ಕುಂಡ ಇಳಿಸಿ, ಬಟ್ಟೆ ತೆಗೆದೆ. ಟೈರುಗಳು ನೆಲಕ್ಕೆ ಕೂತಿದ್ದವು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದರೆ ಹಳಸಿದ ಉಪ್ಪಿನಕಾಯಿಯ ವಾಸನೆ. ಕಿಕ್ ತುಳಿದೆ, ಅದು ಅರ್ಧಕ್ಕೆ ನಿಂತು, ಎರಡನೆಯ ಸಲ ನನ್ನ ಮೀನಖಂಡಕ್ಕೆ ತಿರುಗಿ ಬಡಿಯಿತು. ನಮ್ಮ ಮಗಳು ಸ್ಮಿತಾ ಕಿಟಕಿಯಿಂದ ನೋಡಿ, "ಪಪ್ಪಾ, ಛೋಡೋ ನಾ. ದೊಡ್ಡಪ್ಪಂಗೆ ಸಚ್ ಹೇಳಿಬಿಡಿ" ಎಂದಳು. ಸ್ಮಿತಾಳ ಕನ್ನಡ ಅಲ್ಲಿಗೆ ಮುಗಿಯುತ್ತದೆ, ಆದರೆ ಸತ್ಯ ಹೇಳುವುದಕ್ಕೆ ಅಷ್ಟೇ ಸಾಕಾಗುತ್ತದೆ. ನನಗೆ ಮಾತ್ರ ಇಡೀ ಕನ್ನಡವೂ ಸಾಲದು.

ಕಚೇರಿಯ ಸ್ನೇಹಿತನೊಬ್ಬನ ಮೂಲಕ ಫರೀದಾಬಾದಿನ ಸತನಾಮ್ ಚಾಚಾ ಸಿಕ್ಕರು. ಎಪ್ಪತ್ತು ದಾಟಿದ ಸರ್ದಾರ್ಜಿ. ಜೀವನವೆಲ್ಲ ಇಂಜಿನ್ನುಗಳ ನಡುವೆ ಕಳೆದು, ಈಗ ಸ್ವಂತ ಶೆಡ್ಡಿನಲ್ಲಿ ಯಾರಿಗೂ ಬೇಡವಾದ ಹಳೆಯ ಗಾಡಿಗಳನ್ನು ಬದುಕಿಸುತ್ತಾರೆ. ಗುರುವಾರ ರಜೆ ಹಾಕಿ ಅವರನ್ನು ಕರೆದುಕೊಂಡು ಬಂದೆ. ಚಾಚಾ ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾವೂಜಿ, ಇಸ್‌ನೇ ಆಪ್‌ಕಾ ಕ್ಯಾ ಬಿಗಾಡಾ ಥಾ?" ಎಂದರು. ಇದು ನಿಮಗೇನು ಅನ್ಯಾಯ ಮಾಡಿತ್ತು ಎಂದು. ನಾನು ತುಳಸಿಯ ಕುಂಡವನ್ನು ಇನ್ನಷ್ಟು ಆಚೆಗೆ ಸರಿಸಿದೆ.

ಅವರು ಕೂತು ಬಿಚ್ಚತೊಡಗಿದರು. ಹಳೆಯ ಪೆಟ್ರೋಲನ್ನೆಲ್ಲ ಇಳಿಸಿದರು. ಅದು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಕಾರ್ಬೊರೇಟರು ಬಿಚ್ಚಿ, ಸೂಜಿಮೊನೆಯಷ್ಟು ಸಣ್ಣ ತೂತುಗಳನ್ನು ತಂತಿಯಿಂದ ಬಿಡಿಸಿದರು. ಏರ್ ಫಿಲ್ಟರಿನ ಡಬ್ಬಿ ತೆರೆದಾಗ ಅದರೊಳಗೆ ಇಲಿಯ ಗೂಡು. ಗೂಡಿಗೆ ಹಾಸಿದ್ದು ನೀಲಿ ಉಣ್ಣೆ. ವನಜ ಅದನ್ನು ಎತ್ತಿ ನೋಡಿ, "ಇದು ನನ್ನ ಸ್ವೆಟರಿನ ಉಂಡೆ! ಎರಡು ವರ್ಷ ಕೆಲಸದವಳ ಮೇಲೆ ಅನುಮಾನಪಟ್ಟೆನಲ್ಲ" ಎಂದು ಅಲ್ಲೇ ತಲೆಯ ಮೇಲೆ ಕೈಹೊತ್ತು ಕೂತಳು. ಪ್ಲಗ್ ತೆಗೆದ ತೂತಿನೊಳಕ್ಕೆ ಚಾಚಾ ನಾಲ್ಕು ಹನಿ ಎಣ್ಣೆ ಬಿಟ್ಟು, ಕಿಕ್ಕನ್ನು ಕೈಯಿಂದಲೇ ಮೆಲ್ಲಗೆ, ಮಗುವಿನ ಕಾಲು ನೀವಿದ ಹಾಗೆ ಒತ್ತುತ್ತಾ ಹೋದರು. ಅರ್ಧ ಗಂಟೆಯ ಮೇಲೆ ಒಳಗೆ ಏನೋ ಸಡಿಲವಾಯಿತು. "ಚಲೋ, ಜಿಂದಾ ಹೈ" ಎಂದು ನಕ್ಕರು. "ಅಬ್ ತೇಲ್ ಮಿಲಾಕೇ ಲಾಓ." ಪೆಟ್ರೋಲಿಗೆ ಎಣ್ಣೆ ಬೆರೆಸಿ ತನ್ನಿ.

ಎಣ್ಣೆ ಬೆರೆಸುವ ಮೊದಲು ಡಬ್ಬಿಯ ಮೇಲಿನ ಅಳತೆಯನ್ನು ಎರಡೆರಡು ಸಲ ಓದಿದೆ. ಅದಕ್ಕೊಂದು ಕಾರಣವಿದೆ. ನಮ್ಮದು ಸೋಮವಾರಪೇಟೆಯ ಕಡೆ. ಭತ್ತದ ಕೊಯ್ಲು ಮುಗಿದ ಗದ್ದೆಗಳಿಗೆ ನೀರು ಹಾಯಿಸಿ ಆಗ ಬೈಕುಗಳ ಓಟ ಇಡುತ್ತಿದ್ದರು. ಅಣ್ಣ ಸೈನ್ಯಕ್ಕೆ ಸೇರಿದ ಹೊಸತು. ರಜೆಯನ್ನು ಓಟದ ದಿನಕ್ಕೇ ಹೊಂದಿಸಿಕೊಂಡು ಬರುತ್ತಿದ್ದ. ನಾನು ಕಾಲೇಜಿನಲ್ಲಿದ್ದೆ, ಅವನಿಗೆ ಪೆಟ್ರೋಲ್ ತುಂಬಿಸಿಕೊಡುವುದು ನನ್ನ ಕೆಲಸ. ಟೂ-ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನೊಂದಿಗೇ ಎಣ್ಣೆ ಹೋಗಬೇಕು, ಇಲ್ಲದಿದ್ದರೆ ಒಳಗೆ ಉಜ್ಜಿ ಉಜ್ಜಿ ಹಿಡಿದುಕೊಳ್ಳುತ್ತದೆ. ಒಂದು ವರ್ಷ, ಗದ್ದೆಯ ಬದುವಿನ ಮೇಲೆ ನಿಂತಿದ್ದ ಹಸಿರು ದಾವಣಿಯ ಹುಡುಗಿಯೊಬ್ಬಳನ್ನು ನೋಡುತ್ತಾ ನಾನು ಬರೀ ಪೆಟ್ರೋಲ್ ಸುರಿದೆ. ಕೊನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದ ಅಣ್ಣನ ಬೈಕು ಕಿರುಚಿಕೊಂಡು ನಿಂತುಹೋಯಿತು. ಅವನು ಮುಗ್ಗರಿಸಿ ಕೆಸರಿಗೆ ಬಿದ್ದ. ಎದ್ದು ಬಂದವನು ನನ್ನ ಕೈಯಲ್ಲಿದ್ದ ಪೆಟ್ರೋಲ್ ಕ್ಯಾನನ್ನು ಮೂಸಿದ, ನನ್ನ ಮುಖ ನೋಡಿದ. ಅಪ್ಪ ಬಂದು "ಏನಾಯ್ತೋ?" ಎಂದಾಗ "ಪ್ಲಗ್ ಹೋಯ್ತು" ಎಂದ. ಅಷ್ಟೇ. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ. ಹುಡುಗಿಯ ಹೆಸರೂ ತಿಳಿಯಲಿಲ್ಲ.

ಹಾಗಾಗಿ ಜನಕಪುರಿಯ ಓಣಿಯಲ್ಲಿ ನಾನು ಎಣ್ಣೆಯನ್ನು ಮೂರು ಸಲ ಅಳೆದೆ. ಚಾಚಾ ಹೊಸ ಪ್ಲಗ್ ಕೂರಿಸಿ, "ಮಾರೋ" ಎಂದರು. ಕಿಕ್ ತುಳಿಯತೊಡಗಿದೆ. ಒಂದು, ಎರಡು, ಏಳು, ಹನ್ನೊಂದು. ಬನಿಯನ್ನು ಒದ್ದೆಯಾಯಿತು. ಹದಿನಾಲ್ಕನೆಯದಕ್ಕೆ ಒಂದು ಕೆಮ್ಮು. ಹದಿನೈದನೆಯದಕ್ಕೆ, ಸ್ವಾಮಿ, ಇಡೀ ಓಣಿಯೇ ಅದುರುವ ಹಾಗೆ 'ರ್‍ರಂಯ್' ಎಂದು ಎದ್ದಿತು! ಸೈಲೆನ್ಸರಿನಿಂದ ಬಿಳಿಯ ಹೊಗೆ ಉರುಳಿ ಉರುಳಿ ಬಂದು ಗೋಡೆ, ಗೇಟು, ಚಾಚಾ ಎಲ್ಲರನ್ನೂ ಮುಚ್ಚಿಬಿಟ್ಟಿತು. ಆ ಸುಟ್ಟ ಎಣ್ಣೆಯ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ದೆಹಲಿಯಲ್ಲಿರಲಿಲ್ಲ. ಕಾಲಡಿಯಲ್ಲಿ ಭತ್ತದ ಕೂಳೆ, ಕೈಯಲ್ಲಿ ಕ್ಯಾನು, ದೂರದಲ್ಲಿ ಕೆಸರು ಹಾರಿಸುತ್ತಾ ಬರುತ್ತಿರುವ ಅಣ್ಣ. ಕಣ್ಣಲ್ಲಿ ನೀರು ಬಂತು; ಹೊಗೆಯಿಂದ ಎಂದು ಆಮೇಲೆ ವನಜಳಿಗೆ ಹೇಳಿದೆ.

ಗದ್ದೆಯಿಂದ ನನ್ನನ್ನು ವಾಪಸು ಎಳೆದದ್ದು ಮೂರನೆಯ ಮಹಡಿಯ ಆಂಟಿಯ ಕೂಗು. "ಫಾಗಿಂಗ್‌ವಾಲೇ ಭಯ್ಯಾ! ಹಮಾರೀ ತರಫ್ ಭೀ!" ನಮ್ಮ ಕಡೆಗೂ ಬನ್ನಿ ಎಂದು. ಡೆಂಗ್ಯೂ ಕಾಲ, ಸೊಳ್ಳೆಗೆ ಹೊಗೆ ಹಾಕುವವರು ಕಡೆಗೂ ನಮ್ಮ ಬ್ಲಾಕಿಗೆ ಬಂದರೆಂದು ಆಕೆಗೆ ಸಂಭ್ರಮ. ನೋಡುತ್ತಿದ್ದಂತೆ ಜನ ಹಾಲಿನ ಪಾತ್ರೆ ಮುಚ್ಚಿ, ಮಕ್ಕಳನ್ನು ಹೊರಗೆ ಕರೆದು, ಹೊಗೆ ಒಳಗಿನ ಸೊಳ್ಳೆಗಳನ್ನೂ ತಲುಪಲೆಂದು ಬಾಗಿಲು ಕಿಟಕಿಗಳನ್ನೆಲ್ಲ ತೆರೆದರು. ಹೊಗೆ ಸರಿದು ಬನಿಯನ್ನಿನ ನಾನು ಕಾಣಿಸಿಕೊಂಡಾಗ ಆಂಟಿಯ ಮುಖ ಬಿದ್ದುಹೋಯಿತು. "ಅಚ್ಛಾ, ಆಪ್ ಹೈಂ" ಎಂದರು, ಓ, ನೀವಾ ಎಂಬಂತೆ. ಇಷ್ಟು ನಿರಾಶೆಯನ್ನು ನಾನು ಮೇಲಧಿಕಾರಿ ನನ್ನ ಬಗ್ಗೆ ಬರೆಯುವ ವಾರ್ಷಿಕ ವರದಿಯಲ್ಲೂ ಕಂಡಿರಲಿಲ್ಲ.

ಶನಿವಾರ ಅಣ್ಣ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎಡ ಮೊಣಕಾಲು ಮಡಿಸಲು ಕಷ್ಟಪಡುತ್ತಿದ್ದ. ಕಾಫಿಯನ್ನೂ ಕುಡಿಯದೆ ಓಣಿಗೆ ಹೋಗಿ ಬೈಕನ್ನು ಸವರಿದ. ನಾನು ಎರಡೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ತೋರಿಸಿದೆ. ಅವನ ಮುಖದಲ್ಲಿ ಮೂಡಿದ ಸಂತೋಷ ನೋಡಿ ನನಗೆ ತಡೆಯಲಾಗಲಿಲ್ಲ. ಇಂಜಿನ್ ಆರಿಸಿ, "ಅಣ್ಣ, ನಾನು ಪ್ರತಿ ಭಾನುವಾರ ಹೇಳ್ತಿದ್ದದ್ದು..." ಎಂದೆ.

"ಗೊತ್ತು ಬಿಡೋ."

"ಯಾವಾಗಿಂದ?"

"ಮೊದಲನೇ ತಿಂಗಳಿಂದ. ಈ ಸದ್ದು, ಈ ಹೊಗೆ ವಾರವಾರ ಮಾಡಿದ್ರೆ ವನಜ ನಿನ್ನನ್ನೂ ಗಾಡೀನೂ ಒಟ್ಟಿಗೇ ಹೊರಗೆ ಹಾಕಿರ್ತಿದ್ಲು. ಒಂದು ದಿನಾನೂ ಅವಳು ನನ್ನ ಹತ್ರ ಕಂಪ್ಲೇಂಟ್ ಮಾಡ್ಲಿಲ್ಲ."

"ಮತ್ತೆ ಯಾಕೆ ಪ್ರತೀ ಸಲ ಕೇಳ್ತಿದ್ದೆ?"

ಅಣ್ಣ ಬ್ರೇಕಿನ ಕೇಬಲ್ಲನ್ನು ಎಳೆದು ನೋಡಿದ. "ಅಲ್ಲಿ ಗುಡ್ಡದ ಮೇಲೆ ಭಾನುವಾರ ಮಾತಾಡೋಕೆ ಏನಿರುತ್ತೆ? ನೀನು 'ಸ್ಟಾರ್ಟ್ ಆಯ್ತು' ಅಂದ್ರೆ ಕೇಳೋಕೆ ಚೆನ್ನಾಗಿರ್ತಿತ್ತು" ಎಂದ.

ಮರುದಿನ ಓಡಿಸಿ ನೋಡಲೆಂದು ಬೈಕನ್ನು ಟೆಂಪೋದಲ್ಲಿ ಹೇರಿ ಫರೀದಾಬಾದಿನ ಚಾಚಾರ ಶೆಡ್ಡಿಗೆ ಒಯ್ದೆವು. ಶೆಡ್ಡಿನ ಹಿಂದೆ ಒಂದು ಖಾಲಿ ಜಾಗ. ಹಿಂದಿನ ದಿನದ ಮಳೆಗೆ ಒಳ್ಳೆಯ ಕೆಸರೂ ಆಗಿತ್ತು. ಅಣ್ಣ ಹತ್ತಲು ಕಾಲೆತ್ತಿದ, ಮೊಣಕಾಲು ಒಪ್ಪಲಿಲ್ಲ. ಮೂರು ಸಲ ನೋಡಿ, ಹ್ಯಾಂಡಲ್ಲನ್ನು ನನ್ನ ಕಡೆ ತಿರುಗಿಸಿದ. "ಹತ್ತು."

"ನಾನಾ? ನಾನು ಇದನ್ನ ಒಂದಿನಾನೂ ಓಡಿಸಿಲ್ಲ."

"ಅದೂ ಗೊತ್ತು. ಹತ್ತು."

ಐವತ್ತೊಂದನೆಯ ವಯಸ್ಸಿನಲ್ಲಿ, ಚಪ್ಪಲಿಗಾಲಿನಲ್ಲಿ ಹತ್ತಿದೆ. ಕ್ಲಚ್ ಬಿಟ್ಟಿದ್ದೇ ತಡ ಅದು ನನ್ನನ್ನು ಕಿತ್ತುಕೊಂಡು ಹೊರಟಿತು. ಒಂದು ಸುತ್ತು, ಎರಡು ಸುತ್ತು. ಕೆಸರು ಕಿವಿಯವರೆಗೆ ಹಾರಿತು. ಅಣ್ಣ ನಡುವೆ ನಿಂತು ಎರಡೂ ಕೈ ಬೀಸುತ್ತಾ ಕೂಗುತ್ತಿದ್ದ. ಅವನು ನನ್ನನ್ನು ಹುರಿದುಂಬಿಸುತ್ತಿದ್ದಾನೆಂದುಕೊಂಡು ಆಕ್ಸಿಲರೇಟರನ್ನು ಇನ್ನಷ್ಟು ತಿರುವಿದೆ. ಮೂರನೆಯ ಸುತ್ತಿಗೆ ಇಟ್ಟಿಗೆಯ ರಾಶಿಯ ಪಕ್ಕದ ಕೊಚ್ಚೆಯಲ್ಲಿ ಬೈಕೂ ನಾನೂ ಒಟ್ಟಿಗೆ ಮಲಗಿದೆವು. ಅಣ್ಣ ಕುಂಟುತ್ತಾ ಓಡಿಬಂದು ಎತ್ತಿದಾಗ ತಿಳಿಯಿತು, ಅವನು ಅಷ್ಟು ಹೊತ್ತೂ ಕೂಗುತ್ತಿದ್ದದ್ದು "ಬ್ರೇಕು, ಬ್ರೇಕು" ಎಂದು.

ಆದರೂ ನಾನು ಆ ದಿನವನ್ನು ಸೋಲೆಂದು ಒಪ್ಪುವವನಲ್ಲ. ಹುಟ್ಟಿದಂದಿನಿಂದ ಎಲ್ಲದರಲ್ಲೂ ನನಗಿಂತ ಮುಂದಿದ್ದ ಅಣ್ಣನನ್ನು ಅವತ್ತು ಒಂದಲ್ಲ, ಎರಡು ಸಲ ಹಿಂದೆ ಹಾಕಿದೆ. ಅವನು ಒಂದೇ ಕಡೆ ನಿಂತಿದ್ದ ಎನ್ನುವುದು ಬೇರೆ ಮಾತು.